ಬಚ್ಚಲ ಕಲ್ಲಿನಿಂದ ಡ್ರೈ ಬಾಲ್ಕನಿಗೆ: ಒಗೆಯುವ ಜಾಗದ ಚರಿತ್ರೆ



ಹಬ್ಬ ಹತ್ತಿರ ಬಂತೆಂದರೆ ನಮ್ಮ ಮಹಾನಗರದ ಕಟ್ಟಡಗಳಲ್ಲೆಲ್ಲ ಸುತ್ತಿಗೆಯ ಸದ್ದು ಶುರುವಾಗುತ್ತದೆ. ಒಬ್ಬರು ಅಡುಗೆಮನೆಯ ಕಟ್ಟೆ ಒಡೆಸುತ್ತಾರೆ, ಇನ್ನೊಬ್ಬರು ಟೈಲ್ಸ್ ಬದಲಾಯಿಸುತ್ತಾರೆ. ಎಲ್ಲ ಮುಗಿದ ಮೇಲೆ, ಕೈಯಲ್ಲಿದ್ದ ದುಡ್ಡೂ ಬಹುಮಟ್ಟಿಗೆ ಖರ್ಚಾದ ಮೇಲೆ ನೆನಪಾಗುವುದು ವಾಷಿಂಗ್ ಮೆಷಿನ್ ಇಟ್ಟಿರುವ ಆ ಮೂಲೆ. ಮೂರಡಿ ಅಗಲ, ಆರಡಿ ಉದ್ದ. ಅದರಲ್ಲೇ ಮೆಷಿನ್ನು, ಬಕೆಟ್ಟು, ಪೊರಕೆ, ಖಾಲಿ ಸಿಲಿಂಡರು. "ಇದನ್ನೂ ಒಂದು ಸರಿ ಮಾಡಿಸಿಬಿಡೋಣ" ಎಂದು ನೀವು ಹೊರಟರೆ ಒಳಾಂಗಣ ವಿನ್ಯಾಸದವರು ಬಣ್ಣದ ಪುಸ್ತಕ ತೆರೆದು ಅಮೆರಿಕದ ಚಿತ್ರ ತೋರಿಸುತ್ತಾರೆ. ಬಿಳಿ ಕಪಾಟು, ಅಕ್ಕಪಕ್ಕ ಎರಡು ಮೆಷಿನ್ನು, ಕಿಟಕಿಯ ಬಳಿ ಹೂವಿನ ಕುಂಡ. ಎಲ್ಲೂ ಒಂದು ಒದ್ದೆ ಬಟ್ಟೆ ನೇತಾಡುತ್ತಿರುವುದಿಲ್ಲ!

ಆ ಚಿತ್ರಕ್ಕೆ ಮುಂಗಡ ಕೊಡುವ ಮೊದಲು ಈ ಮೂಲೆ ನಮ್ಮ ಮನೆಯೊಳಗೆ ಬಂದದ್ದು ಹೇಗೆ ಎಂದು ಸ್ವಲ್ಪ ನೋಡೋಣ. ಇದು ಬರೀ ಕುತೂಹಲದ ಮಾತಲ್ಲ. ನಿಮ್ಮ ಮನೆಯ ನೀರು ಎತ್ತ ಹರಿಯುತ್ತದೆ, ನಲ್ಲಿ ಎಷ್ಟು ಎತ್ತರದಲ್ಲಿದೆ, ಬಟ್ಟೆ ಒಗೆಯುವವರು ಬಗ್ಗಬೇಕೋ ನಿಲ್ಲಬೇಕೋ ಎಂಬುದನ್ನೆಲ್ಲ ನಾವು ಹುಟ್ಟುವ ಮೊದಲೇ ಯಾರೋ ತೀರ್ಮಾನಿಸಿಟ್ಟಿದ್ದಾರೆ.

ಮೊದಲು ನಮ್ಮ ಮಾತಿನಿಂದಲೇ ಆರಂಭಿಸೋಣ. ಕನ್ನಡದಲ್ಲಿ 'ಒಗೆ' ಎಂದರೆ ಬಟ್ಟೆ ತೊಳೆ ಎಂದೂ ಅರ್ಥ, ಎಸೆ ಎಂದೂ ಅರ್ಥ. ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಸವನ್ನೂ ಒಗೆಯುತ್ತಾರೆ, ಅರಿವಿಯನ್ನೂ ಒಗೆಯುತ್ತಾರೆ. ನೀರಿನಲ್ಲಿ ಅದ್ದಿದ ಬಟ್ಟೆಯನ್ನು ತಲೆಯ ಮೇಲಿನವರೆಗೆ ಎತ್ತಿ ಕಲ್ಲಿನ ಮೇಲೆ ಎಸೆದು ಬಡಿಯುವ ದೃಶ್ಯವನ್ನು ನೋಡಿದವರಿಗೆ ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಸೇರಿದ್ದು ವಿಚಿತ್ರವೆನಿಸದು. ಅಂಥ ಕೆಲಸಕ್ಕೆ ಹರಿಯುವ ನೀರು ಬೇಕು, ಕೈ ಬೀಸುವಷ್ಟು ಬಯಲು ಬೇಕು, ಒಣಹಾಕಲು ಬಿಸಿಲು ಬೇಕು. ಹಾಗಾಗಿ ಒಗೆಯುವ ಜಾಗ ಮನೆಯ ಹೊರಗೆ ಇರುತ್ತಿತ್ತು. ಹೊಳೆಯ ದಡದಲ್ಲಿ, ಕೆರೆಯ ಕೋಡಿಯ ಬಳಿ, ತೋಟದ ಬಾವಿಯ ಪಕ್ಕದಲ್ಲಿ.

ಊರಿನ ದೊಡ್ಡ ಗಂಟುಗಳು ಅಗಸರ ಮನೆಗೆ ಹೋಗುತ್ತಿದ್ದವು. ಅವರ ಕೆಲಸದಲ್ಲಿ ಇದ್ದ ವಿದ್ಯೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಚೌಳು ಮಣ್ಣಿನಲ್ಲಿ ಕ್ಷಾರವಿರುತ್ತದೆ, ಅದು ಜಿಡ್ಡನ್ನು ಕತ್ತರಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ದೊಡ್ಡ ಹಂಡೆಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಹಾಕಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ 'ಉಬ್ಬೆ ಹಾಕುವುದು' ಎಂದು ಹೆಸರು. ಈಗಿನ ಮೆಷಿನ್ನಿನ ಬಾಗಿಲ ಮೇಲೆ 'ಸ್ಟೀಮ್ ವಾಷ್' ಎಂದು ಮಿನುಗುವ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದರ ಅಜ್ಜಿ ಈ ಉಬ್ಬೆ! ರೇಷ್ಮೆಗೂ ಉಣ್ಣೆಗೂ ಕ್ಷಾರ ಆಗಿಬರುವುದಿಲ್ಲವೆಂದು ಅಂಟುವಾಳ ಕಾಯಿ ಬಳಸುವುದೂ ವಾಡಿಕೆಯಲ್ಲಿತ್ತು. ಯಾರ ಮನೆಯ ಪಂಚೆ ಯಾವುದು ಎಂದು ತಿಳಿಯಲು ಕರಿಗೇರು ಬೀಜದ ರಸದಿಂದ ಅಂಚಿನಲ್ಲಿ ಒಂದು ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಇಂಗ್ಲಿಷಿನವರು ಆ ಬೀಜಕ್ಕೆ 'ಮಾರ್ಕಿಂಗ್ ನಟ್' ಎಂದೇ ಹೆಸರಿಟ್ಟರು. ಅಕ್ಷರ ಕಲಿಯಲು ಅವಕಾಶ ಸಿಗದವರು ನೂರಾರು ಗುರುತುಗಳನ್ನು ನೆನಪಿನಲ್ಲಿಟ್ಟುಕೊಂಡು ಗಂಟು ತಪ್ಪದಂತೆ ಮನೆಮನೆಗೆ ಮುಟ್ಟಿಸುತ್ತಿದ್ದರು.

ಆದರೆ ಅದೇ ಸಮಾಜ ಅವರನ್ನು ನಿಲ್ಲಿಸಿದ್ದು ಎಲ್ಲಿ? ಹಿತ್ತಿಲ ಬಾಗಿಲಲ್ಲಿ. 'ಮಡಿ' ಎಂದರೆ ಒಗೆದ ಶುದ್ಧ ಬಟ್ಟೆ. ಮಡಿ ಮಾಡುವವನು ಮಡಿವಾಳ. ಮನೆಯವರಿಗೆ ಮಡಿ ತಂದುಕೊಡುವವನನ್ನೇ ಮೈಲಿಗೆಯ ಲೆಕ್ಕಕ್ಕೆ ಸೇರಿಸಿದ್ದು ನಮ್ಮ ಚರಿತ್ರೆಯ ದೊಡ್ಡ ವಿಪರ್ಯಾಸ. ಮಡಿವಂತರ ಮನೆಗಳಲ್ಲಿ ಅಗಸರು ತಂದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿ ಜಾಲಿಸಿ, ಸೂರಿನ ಹತ್ತಿರ ಕಟ್ಟಿದ ಗಳುವಿನ ಮೇಲೆ ಮಡಿಕೋಲಿನಿಂದ ಎತ್ತಿ ಹರವುತ್ತಿದ್ದರು. ಯಾರ ಕೈಯೂ ತಾಗಬಾರದು! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡಿದವರಲ್ಲಿ ಮಡಿವಾಳ ಮಾಚಯ್ಯ ಒಬ್ಬರು. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಿಂದ ಬಂದ ಈ ಶರಣ, ಬಟ್ಟೆ ಒಗೆಯುವ ಕಾಯಕವನ್ನೇ ಹೆಸರಿನ ಮುಂದೆ ಇಟ್ಟುಕೊಂಡು ವಚನಗಳನ್ನು ಬರೆದರು. ಶರಣರ ಬಟ್ಟೆಯನ್ನಲ್ಲದೆ ಬೇರೆಯವರ ಬಟ್ಟೆಯನ್ನು ಮುಟ್ಟುವುದಿಲ್ಲ ಎಂಬ ನಿಯಮ ಅವರದಾಗಿತ್ತು ಎಂದು ಐತಿಹ್ಯ ಹೇಳುತ್ತದೆ. ಯಾರನ್ನು ಮುಟ್ಟಬಾರದು ಎಂದು ತೀರ್ಮಾನಿಸುವ ಅಧಿಕಾರ ಅಲ್ಲಿ ಒಗೆಯುವವರ ಕೈಗೆ ಬಂತು, ಗಮನಿಸಿ.

ಇನ್ನು ನೀರಿನ ಕಥೆ. ಒಗೆಯುವ ಕೆಲಸ ಮನೆಯೊಳಗೆ ಬಂದದ್ದು ಸೋಪಿನಿಂದಲ್ಲ, ನಲ್ಲಿಯಿಂದ. ಮುಂಬಯಿಗೆ 1860ರಲ್ಲಿ ವಿಹಾರ್ ಕೆರೆಯ ನೀರು ಕೊಳಾಯಿಯಲ್ಲಿ ಹರಿಯತೊಡಗಿತು, 1892ರಲ್ಲಿ ತಾನಸಾ ಸೇರಿತು. ಚೆನ್ನೈಗೆ 1872ರಲ್ಲಿ ಪುಳಲ್ ಕೆರೆಯಿಂದ ನೀರು ಬಂತು. ಹೈದರಾಬಾದಿನ ಕೇಳುಗರು ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. 1908ರಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿಹಾಕಿದಾಗ ನಿಜಾಮರು ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಮೇಲೆ ಬಂದ ಉಸ್ಮಾನ್ ಸಾಗರ 1920ರಲ್ಲಿ ಪೂರ್ಣಗೊಂಡು ಪ್ರವಾಹವನ್ನೂ ತಡೆಯಿತು, ಕುಡಿಯುವ ನೀರನ್ನೂ ಕೊಟ್ಟಿತು. ನೀರು ಮನೆಯೊಳಗೆ ಬಂದ ಮೇಲೆ ಹೊರಗೂ ಹೋಗಬೇಕಲ್ಲ? ಹೈದರಾಬಾದಿಗೆ ಒಳಚರಂಡಿಯ ಯೋಜನೆ ಮಾಡಿಕೊಟ್ಟವರೂ ಅವರೇ. ಪುಣೆಯವರಿಗೂ ಅವರು ಅಪರಿಚಿತರಲ್ಲ, ಖಡಕವಾಸ್ಲಾ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ಅವರ ವಿನ್ಯಾಸ.

ನೀರು ಬಂತು, ಸರಿ. ಆದರೆ ಮುಂಬಯಿಯ ಬಡವರಿಗೆ ಅದನ್ನು ಸುರಿದುಕೊಳ್ಳಲು ಜಾಗವೆಲ್ಲಿತ್ತು? ಹತ್ತಿ ಗಿರಣಿಗಳ ಕೆಲಸಕ್ಕೆಂದು ಬಂದವರು ಚಾಳುಗಳಲ್ಲಿ ಸೇರಿಕೊಂಡರು. ಒಂದೇ ಕೋಣೆ, ಅದರ ಒಂದು ಮೂಲೆಯಲ್ಲಿ ಗೇಣುದ್ದದ ಕಟ್ಟೆ ಕಟ್ಟಿ, ಒಂದು ತೂತು ಬಿಟ್ಟು ಮಾಡಿದ ಚೌಕ. ಇದಕ್ಕೆ ಮರಾಠಿಯಲ್ಲಿ 'ಮೋರಿ'. ಕನ್ನಡದಲ್ಲಿ ಮೋರಿ ಎಂದರೆ ಬೀದಿಯ ಚರಂಡಿ. ಊರಿನಿಂದ ಆಗತಾನೇ ಬಂದವರಿಗೆ "ಮೋರಿಯಲ್ಲಿ ಸ್ನಾನ ಮಾಡಿ ಬಾ" ಎಂದರೆ ಹೇಗಾಗಿರಬೇಡ! ಆ ಚೌಕದಲ್ಲೇ ಸ್ನಾನ, ಅಲ್ಲೇ ಪಾತ್ರೆ, ಅಲ್ಲೇ ಬಟ್ಟೆ. ಮೂರು ಕೆಲಸಕ್ಕೆ ಒಂದೇ ತೂತು. ನೀವು ಈಗಲೂ ಪ್ಲಂಬರ್ ಬಾಯಲ್ಲಿ 'ನಹಾಣಿ ಟ್ರ್ಯಾಪ್' ಎಂಬ ಮಾತು ಕೇಳಿರಬೇಕು. ನೆಲದ ಜಾಲರಿಯ ಕೆಳಗೆ ಕೂರಿಸುವ, ವಾಸನೆ ಮೇಲೆ ಬಾರದಂತೆ ತಡೆಯುವ ಬಟ್ಟಲು ಅದು. ನಹಾಣಿ ಎಂದರೆ ಮೀಯುವ ಜಾಗ, ಅದೇ ಮೋರಿ. ಚಾಳಿನ ಆ ಮಾತು ಬೆಂಗಳೂರಿನ ಪ್ಲಂಬರ್‌ಗಳ ಬಾಯಲ್ಲೂ ಉಳಿದುಕೊಂಡಿದೆ.

1896ರ ಪ್ಲೇಗ್ ಬಂದ ಮೇಲೆ ಸರಕಾರಕ್ಕೆ ಎಚ್ಚರವಾಯಿತು. ಗಾಳಿ ಬೆಳಕಿಲ್ಲದ, ನೀರು ನಿಲ್ಲುವ ಮನೆಗಳು ರೋಗದ ತವರು ಎಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿತು. ಅವೇ ಬಿಡಿಡಿ ಚಾಳುಗಳು. ಒಂದೊಂದು ಕುಟುಂಬಕ್ಕೆ ಸುಮಾರು 160 ಚದರಡಿಯ ಕೋಣೆ, ಶೌಚಾಲಯ ಎಲ್ಲರಿಗೂ ಸೇರಿ. ನೂರು ವರ್ಷ ಮಳೆಗಾಲದಲ್ಲಿ ಒದ್ದೆ ಬಟ್ಟೆಗಳು ಆ ಕೋಣೆಗಳೊಳಗೇ ತಲೆಯ ಮೇಲೆ ತೊಟ್ಟಿಕ್ಕಿದವು. 2025ರ ಆಗಸ್ಟಿನಲ್ಲಿ ವರಳಿಯ 556 ಕುಟುಂಬಗಳಿಗೆ ಅದೇ ಜಾಗದಲ್ಲಿ ಎದ್ದ ಗೋಪುರಗಳಲ್ಲಿ 500 ಚದರಡಿಯ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಒಗೆಯುವ ಜಾಗದ 'ನವೀಕರಣ' ಎಂದರೆ ಕೆಲವರಿಗೆ ಟೈಲ್ಸಿನ ಬಣ್ಣ, ಕೆಲವರಿಗೆ ಮೂರು ತಲೆಮಾರಿನ ಕಾಯುವಿಕೆ.

ಚಾಳಿನ ಮೋರಿಯಲ್ಲಿ ಚಾದರ ಒಗೆಯಲಾಗದು. ಆಸ್ಪತ್ರೆ, ಹೋಟೆಲು, ಸಾಹೇಬರ ಬಂಗಲೆಗಳ ಬಟ್ಟೆ ಒಗೆಯಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಹಾಲಕ್ಷ್ಮಿ ನಿಲ್ದಾಣದ ಪಕ್ಕ ಧೋಬಿ ಘಾಟ್ ರೂಪುಗೊಂಡಿತು. ಲೋಕಲ್ ಇಳಿದು ಸೇತುವೆಯ ಮೇಲೆ ನಿಂತು ನೀವೂ ನೋಡಿರುತ್ತೀರಿ. ಸಾಲು ಸಾಲು ಸಿಮೆಂಟಿನ ತೊಟ್ಟಿಗಳು, ಪ್ರತಿಯೊಂದಕ್ಕೂ ಒಂದು ಬಡಿಯುವ ಕಲ್ಲು. ಹೊಳೆಯ ದಡವನ್ನು ತುಂಡು ಮಾಡಿ, ಅಳತೆ ಹಾಕಿ, ನಗರದ ನಡುವೆ ತಂದು ಕೂರಿಸಿದ ಹಾಗೆ. ಈಗ ಅಲ್ಲೂ ಯಂತ್ರಗಳು ಬಂದಿವೆ, ಕಲ್ಲುಗಳೂ ಉಳಿದಿವೆ. ಪ್ರವಾಸಿಗರು ಚಿತ್ರ ತೆಗೆಯುತ್ತಾರೆ. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತವರ ಕಾಲನ್ನು ಯಾರೂ ನೋಡುವುದಿಲ್ಲ.

ಈಗ ಸೋಪಿಗೆ ಬರೋಣ. 1888ರ ಬೇಸಿಗೆಯಲ್ಲಿ ಕೋಲ್ಕತ್ತಾದ ಬಂದರಿನಲ್ಲಿ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಇಳಿದವು. ಇಂಗ್ಲೆಂಡಿನ ಲಿವರ್ ಬ್ರದರ್ಸ್ ಕಂಪೆನಿಯದು. 1934ರಲ್ಲಿ ಅದೇ ಕಂಪೆನಿ ಮುಂಬಯಿಯ ಶಿವಡಿಯಲ್ಲಿ ಸೋಪು ತಯಾರಿಸಲು ಆರಂಭಿಸಿತು. ಟಾಟಾದವರ 501 ಬಾರ್ ಸೋಪು ಬಂತು. ಉದ್ದನೆಯ ಬಾರನ್ನು ದಾರದಿಂದ ತುಂಡು ಮಾಡಿ ಇಟ್ಟುಕೊಳ್ಳುತ್ತಿದ್ದ ಮನೆಗಳು ನಿಮ್ಮಲ್ಲಿ ಹಲವರ ನೆನಪಿನಲ್ಲಿರಬಹುದು. ಬಾರ್ ಸೋಪಿದ್ದ ಕಾಲದವರೆಗೂ ಕಲ್ಲಿಗೆ ಕೆಲಸವಿತ್ತು: ಕಲ್ಲಿನ ಮೇಲೆ ಹರವಬೇಕು, ಸೋಪು ತಿಕ್ಕಬೇಕು, ಕುಕ್ಕಬೇಕು.

ಕಲ್ಲನ್ನು ನಿಜವಾಗಿ ಪದಚ್ಯುತಗೊಳಿಸಿದ್ದು ಪುಡಿ. 1959ರಲ್ಲಿ ಸರ್ಫ್ ಬಂತು. ಪುಡಿಗೆ ಬೇಕಾದದ್ದು ಬಕೆಟ್ಟು. ನೆನೆಸಿಡು, ಉಜ್ಜು, ಜಾಲಿಸು. ಆದರೆ ಬೆಲೆ ಮಧ್ಯಮ ವರ್ಗದವರ ಕೈಗೂ ಸುಲಭವಾಗಿ ಎಟುಕುತ್ತಿರಲಿಲ್ಲ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಎಂಬ ಸರಕಾರಿ ನೌಕರ, ರಸಾಯನಶಾಸ್ತ್ರ ಓದಿದವರು, ಮನೆಯ ಹಿತ್ತಿಲಲ್ಲಿ ಪುಡಿ ತಯಾರಿಸಿ ಸೈಕಲ್ಲಿನ ಮೇಲೆ ಮನೆಮನೆಗೆ ಮಾರಲು ಹೊರಟರು. ಕಿಲೋಗೆ 3 ರೂಪಾಯಿ! ಮಗಳು ನಿರುಪಮಾಳ ಹೆಸರಿನಿಂದ ಅದಕ್ಕೆ ನಿರ್ಮಾ ಎಂದು ಹೆಸರಾಯಿತು. ಇಲ್ಲಿ ನಮ್ಮ ಬಾನುಲಿಯ ಪಾತ್ರವೂ ಇದೆ ಎಂದು ಸ್ವಲ್ಪ ಜಂಬದಿಂದಲೇ ಹೇಳಬೇಕು. ವಿವಿಧ ಭಾರತಿಯಲ್ಲಿ ಜಾಹೀರಾತು ಪ್ರಸಾರ ಶುರುವಾದದ್ದು 1967ರಲ್ಲಿ, ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಿಂದ. ನಿರ್ಮಾದ ಹಾಡು ರೇಡಿಯೋದಲ್ಲಿ ಮೊದಲು ಕೇಳಿಬಂದದ್ದು 1975ರಲ್ಲಿ. ಟೀವಿಯಲ್ಲಿ ಬಿಳಿ ಲಂಗದ ಹುಡುಗಿ ಗಿರ್ರನೆ ತಿರುಗಿದ್ದು ಆಮೇಲೆ. ಇದಕ್ಕೆ ಉತ್ತರವಾಗಿ ಸರ್ಫ್‌ನವರು ಕಳಿಸಿದ ಲಲಿತಾಜಿಯನ್ನು ಮರೆತವರುಂಟೇ? ಆ ಪಾತ್ರ ಮಾಡಿದ ಕವಿತಾ ಚೌಧರಿ 2024ರಲ್ಲಿ ತೀರಿಕೊಂಡರು.

ಗಮನಿಸಿ, ಆ ಜಾಹೀರಾತುಗಳಲ್ಲೆಲ್ಲ ಒಗೆಯುವ ಜವಾಬ್ದಾರಿ ಯಾರದು? ಮನೆಯಾಕೆಯದು. ಅಗಸರ ಗಂಟು ಅಷ್ಟರಲ್ಲಿ ಮನೆಯೊಳಗೆ ಬಂದಾಗಿತ್ತು. ಅಮೆರಿಕದಲ್ಲಿ ಇದು ಇನ್ನೂ ಮೊದಲೇ ನಡೆದಿತ್ತು. ಅಲ್ಲಿ ವಿದ್ಯುತ್ ವಾಷಿಂಗ್ ಮೆಷಿನ್ 1908ರ ಸುಮಾರಿಗೆ ಮಾರುಕಟ್ಟೆಗೆ ಬಂತು, ಪೂರ್ತಿ ಸ್ವಯಂಚಾಲಿತವಾದ ಬೆಂಡಿಕ್ಸ್ 1937ರಲ್ಲಿ. ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರ್ತಿ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚುರುಕಾದ ಮಾತು ಹೇಳಿದರು. ಮೆಷಿನ್ ಬಂದದ್ದರಿಂದ ಗೃಹಿಣಿಯ ಕೆಲಸ ಕಡಿಮೆಯಾಗಲಿಲ್ಲ, ಬೇರೆಯವರ ಕೈಯಲ್ಲಿದ್ದ ಕೆಲಸವೂ ಅವಳ ಪಾಲಿಗೆ ಬಂತು ಎಂದು. ಹಿಂದೆ ಬಟ್ಟೆ ಹೊರಗಡೆ ಹೋಗುತ್ತಿತ್ತು. ಮೆಷಿನ್ ಬಂದ ಮೇಲೆ ದಿನವೂ ಹೊಸ ಅಂಗಿ ಎಂಬ ಶಿಸ್ತು ಬಂತು. ನಿಮ್ಮ ಮನೆಯಲ್ಲೇ ಲೆಕ್ಕ ಹಾಕಿ ನೋಡಿ: ನಿಮ್ಮ ಅಜ್ಜ ವಾರಕ್ಕೆ ಎಷ್ಟು ಅಂಗಿ ಒಗೆಯಲು ಹಾಕುತ್ತಿದ್ದರು, ನಿಮ್ಮ ಮಗ ಎಷ್ಟು ಹಾಕುತ್ತಾನೆ?

ನಮ್ಮಲ್ಲಿ ಮೆಷಿನ್ನುಗಳು ಮಧ್ಯಮ ವರ್ಗದ ಮನೆಗೆ ಕಾಲಿಟ್ಟದ್ದು 1980ರ ದಶಕದಲ್ಲಿ, ವೀಡಿಯೋಕಾನ್‌ನಂಥ ಕಂಪೆನಿಗಳ ಮೂಲಕ. 1991ರ ಉದಾರೀಕರಣದ ನಂತರ ವಿದೇಶಿ ಕಂಪೆನಿಗಳೂ ಬಂದವು. ಕೊರಿಯಾದ ಎಲ್‌ಜಿ ಬಂದದ್ದು 1997ರಲ್ಲಿ. ತೊಂದರೆಯೆಂದರೆ, ಮೆಷಿನ್ ಬಂತು, ಅದಕ್ಕೆ ಮನೆಯಲ್ಲಿ ಜಾಗವಿರಲಿಲ್ಲ! ಮುಂಬಯಿಯ ಹಳೆಯ ಫ್ಲ್ಯಾಟುಗಳಲ್ಲಿ ಅದು ಬಚ್ಚಲಲ್ಲೋ ಪ್ಯಾಸೇಜಿನಲ್ಲೋ ನಿಂತಿತು. ಗಾಲಿಯ ಸ್ಟ್ಯಾಂಡಿನ ಮೇಲೆ ಕೂತು, ಒಗೆಯುವ ಹೊತ್ತಿಗೆ ಮೋರಿಯ ಬಳಿಗೆ ಪ್ರಯಾಣ ಮಾಡಿತು. ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಅಡುಗೆಮನೆಯ ಹಿಂದೆ 'ಯುಟಿಲಿಟಿ' ಎಂಬ ಹೊಸ ಹೆಸರಿನಲ್ಲಿ ಹಿತ್ತಿಲು ಮರುಹುಟ್ಟು ಪಡೆಯಿತು. ಕೆಲವೆಡೆ ಕಟ್ಟಡದವರು ಅಲ್ಲೊಂದು ಗ್ರಾನೈಟಿನ ಒಗೆಯುವ ಕಲ್ಲನ್ನೂ ಕೂರಿಸಿಕೊಟ್ಟರು. ಮುಂಬಯಿ, ಪುಣೆಗಳಲ್ಲಿ ಅದರ ಹೆಸರು ಡ್ರೈ ಬಾಲ್ಕನಿ. ಇಡೀ ಮನೆಯಲ್ಲಿ ಅತಿ ಒದ್ದೆಯಾದ ಜಾಗಕ್ಕೆ ಈ ಹೆಸರು!

ಈಗ ಆ ಬಣ್ಣದ ಪುಸ್ತಕದ ಚಿತ್ರವನ್ನು ಮತ್ತೆ ನೋಡಿ. ಅಮೆರಿಕದವರ ಆ ಕೋಣೆಯಲ್ಲಿ ಎರಡನೆಯ ಯಂತ್ರ ಬಟ್ಟೆ ಒಣಗಿಸುವುದು. ಅದಕ್ಕೇ ಅಲ್ಲಿ ಹಗ್ಗವಿಲ್ಲ. ನಮಗೆ ವರ್ಷದ ಎಂಟು ತಿಂಗಳು ಪುಕ್ಕಟೆ ಬಿಸಿಲಿದೆ. ಹಾಗಾಗಿ ಕಪಾಟಿಗಿಂತ ಮೊದಲು ಕಿಟಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾಲ್ಕನಿಯನ್ನು ಪೂರ್ತಿ ಮುಚ್ಚಿ ಅಡುಗೆಮನೆಗೆ ಸೇರಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ನಿಯಮದ ಮಾತು ಹಾಗಿರಲಿ, ಜುಲೈ ತಿಂಗಳ ಮುಂಬಯಿಯಲ್ಲಿ ಬಟ್ಟೆಯ ಮುಗ್ಗಲು ವಾಸನೆ ಸಾರಿನವರೆಗೂ ಬರುತ್ತದೆ ಎಂಬುದನ್ನು ಮರೆಯಬೇಡಿ. ಮೇಲ್ಛಾವಣಿಗೆ ರಾಟೆಯಿಂದ ಏರಿಸಿ ಇಳಿಸುವ ಕಂಬಿಗಳು ಸಿಗುತ್ತವೆ, ಒಳ್ಳೆಯವು. ಅಜ್ಜಿಯ ಗಳುವೇ ಅದು, ಮಡಿಕೋಲು ಬೇಡ ಅಷ್ಟೆ.

ನೆಲದ ವಿಚಾರಕ್ಕೆ ಹಣ ಉಳಿಸಬೇಡಿ. ಮುಂದಿನಿಂದ ಬಾಗಿಲಿರುವ ಮೆಷಿನ್ ಪಂಪಿನಿಂದ ನೀರು ಹೊರದೂಡುತ್ತದೆ, ಅದರ ಕೊಳವೆ ನೆಲದಿಂದ ಎರಡು ಮೂರಡಿ ಎತ್ತರದಲ್ಲಿರಬೇಕು. ಅನೇಕ ಮೇಲ್ಬಾಗಿಲಿನ ಮತ್ತು ಸೆಮಿ ಆಟೋಮ್ಯಾಟಿಕ್ ಮೆಷಿನ್ನುಗಳಿಗೆ ಪಂಪೇ ಇರುವುದಿಲ್ಲ, ಕೊಳವೆ ನೆಲದ ಮಟ್ಟದಲ್ಲೇ ಇರಬೇಕು. ಯಾವ ಮೆಷಿನ್ ಎಂದು ತೀರ್ಮಾನಿಸಿದ ಮೇಲೆ ಗೋಡೆ ಒಡೆಸಿ, ಮೊದಲಲ್ಲ. ಮೇಲಿನ ಮಹಡಿಯವರು ನೀರಿನ ಒತ್ತಡವನ್ನೂ ಪರೀಕ್ಷಿಸಿಕೊಳ್ಳಿ. ಟ್ಯಾಂಕ್ ತಲೆಯ ಮೇಲೇ ಇದ್ದರೆ ನಲ್ಲಿಯಲ್ಲಿ ಒತ್ತಡ ಕಡಿಮೆ. ಮೆಷಿನ್ನಿಗೆ ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಪಾಯಿಂಟ್ ಪ್ರತ್ಯೇಕವಾಗಿ, ನೀರು ಸಿಡಿಯದ ಎತ್ತರದಲ್ಲಿ ಇರಲಿ. ಜತೆಗೆ ಕರೆಂಟ್ ಸೋರಿದೊಡನೆ ತಾನಾಗಿ ಕಡಿದುಹೋಗುವ ಬ್ರೇಕರ್ ಹಾಕಿಸಿ. ಒದ್ದೆ ನೆಲ, ಬರಿಗಾಲು, ಎಕ್ಸ್‌ಟೆನ್ಷನ್ ಬೋರ್ಡು, ಈ ಮೂರು ಸೇರಿದರೆ ಜೀವಕ್ಕೇ ಅಪಾಯ.

ಮೆಷಿನ್ ಬಂದರೂ ಒಂದು ನಲ್ಲಿ, ಒಂದು ಕಟ್ಟೆ ಉಳಿಸಿಕೊಳ್ಳಿ. ಕಾಲೊರಸು, ಶಾಲೆಯ ಬಿಳಿ ಬೂಟು, ಬಣ್ಣ ಬಿಡುವ ಇಳಕಲ್ ಸೀರೆ ಯಾವುದೂ ಮೆಷಿನ್ನಿಗಲ್ಲ. ಆ ಕಟ್ಟೆ ಸೊಂಟದ ಎತ್ತರಕ್ಕಿರಲಿ. ಚಾಳಿನ ಮೋರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಗೆದ ಒಂದಿಡೀ ತಲೆಮಾರಿನ ಹೆಂಗಸರ ಬೆನ್ನು, ಮೊಣಕಾಲು ಹೇಗಾಯಿತೆಂದು ನಮಗೆ ಗೊತ್ತಿದೆ. ಈಗ ಅಲ್ಲಿ ಕೂರುವವಳು ನಿಮ್ಮ ಮನೆಯ ಕೆಲಸದ ಬಾಯಿ. ವಿನ್ಯಾಸದವರು ನಿಮ್ಮ ಎತ್ತರ ಕೇಳುತ್ತಾರೆ, ಅವಳದನ್ನು ಕೇಳುವುದಿಲ್ಲ. ನೀವಾದರೂ ಕೇಳಿ.

ಚೆನ್ನೈನವರಿಗೆ 2019ರ ಬೇಸಿಗೆ ನೆನಪಿದ್ದೇ ಇರುತ್ತದೆ. ಕೆರೆಗಳು ಬತ್ತಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. 2024ರಲ್ಲಿ ಬೆಂಗಳೂರಿನ ನಂಟರು ಟ್ಯಾಂಕರಿಗೆ ಕಾದದ್ದನ್ನೂ ಫೋನಿನಲ್ಲಿ ಕೇಳಿದ್ದೀರಿ. ಮೆಷಿನ್ನಿನ ಕೊನೆಯ ಜಾಲಿಸುವ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಕೊಳವೆಗೆ ಒಂದು ಕವಲು ಕೊಟ್ಟು ಅದನ್ನು ಬಕೆಟ್ಟಿಗೆ ಹಿಡಿಯುವಂತೆ ಮಾಡಿಸಿದರೆ ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ಟೈಲ್ಸ್ ಹಾಕುವಾಗ ಇದಕ್ಕೆ ತಗಲುವ ಖರ್ಚು ಅಲ್ಪ, ಆಮೇಲೆ ಮಾಡಿಸಲು ಹೋದರೆ ದುಬಾರಿ.

ಕೊನೆಯದಾಗಿ, ಟೈಲ್ಸ್ ಕೂರಿಸುವ ಮೊದಲು ವಾಟರ್‌ಪ್ರೂಫಿಂಗ್ ಮುಗಿದ ನೆಲದಲ್ಲಿ ಹೊರಹರಿವಿನ ತೂತು ಮುಚ್ಚಿಸಿ ಒಂದೆರಡು ದಿನ ನೀರು ನಿಲ್ಲಿಸಿ. ಆಮೇಲೆ ಕೆಳಗಿನ ಮನೆಯವರ ಬಾಗಿಲು ತಟ್ಟಿ, ಅವರ ಸೂರನ್ನು ಒಮ್ಮೆ ನೋಡಿಕೊಂಡು ಬನ್ನಿ. ಹೋಗುವಾಗ ಒಂದಿಷ್ಟು ಚಕ್ಕುಲಿ ಕೋಡುಬಳೆ ಕೈಯಲ್ಲಿದ್ದರೆ ಒಳ್ಳೆಯದು, ಸುತ್ತಿಗೆಯ ಸದ್ದನ್ನು ವಾರವಿಡೀ ಕೇಳಿದವರು ಅವರೇ ತಾನೆ!